ಕೂದಲಿಗೊಂದು, ನಿದ್ದೆಗೊಂದು: ಎರಡು ಡಬ್ಬಿ ಸಪ್ಲಿಮೆಂಟ್ ಮತ್ತು ನನ್ನ ಥೈರಾಯ್ಡ್ ಫೈಲು

ಸಪ್ಲಿಮೆಂಟ್ ತೆಗೆದುಕೊಳ್ಳುತ್ತಿರುವಾಗ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಸಿಡುಕು, ಅಳು, ನಿದ್ದೆಗೇಡು ಶುರುವಾಗಿದ್ದು, ಅದರ ಬೆನ್ನಿಗೆ ಥೈರಾಯ್ಡ್ ರಿಪೋರ್ಟ್ ಕೂಡ ಕೆಟ್ಟು ಬಂದು ಗಾಬರಿಯಾಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನದು ಮಳೆಗಾಲದಲ್ಲಿ ಶುರುವಾಗಿ ಬೇಸಿಗೆಗೆ ಮುಗಿದ ಪ್ರಕರಣ. ವೈದ್ಯರು ಕಳೆದ ಭೇಟಿಯಲ್ಲಿ ಫೈಲು ಮುಚ್ಚಿ ನನ್ನ ಕೈಗೇ ಕೊಟ್ಟರು. ಅದರಲ್ಲಿರುವ ಕಾಗದಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿರುವುದರಿಂದ ಅಂಕಿಗಳು ನೆನಪಿನವಲ್ಲ, ರಿಪೋರ್ಟಿನವು.

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುವವಳು. ಮಳೆ ಜೋರಿರುವ ಆಟಿ ತಿಂಗಳಲ್ಲಿ ನನಗೆ ಡೆಂಗ್ಯೂ ಬಂದಿತ್ತು. ಪ್ಲೇಟ್‌ಲೆಟ್ ತೀರಾ ಇಳಿಯದೆ ಜ್ವರ ವಾಸಿಯಾಯಿತು, ಆದರೆ ಚೌತಿ ಕಳೆದು ನವರಾತ್ರಿ ಬರುವಷ್ಟರಲ್ಲಿ ಬಾಚಣಿಗೆಯ ತುಂಬಾ ಕೂದಲು. ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಹೀಗೆ ಕೂದಲು ಉದುರುವುದು ಸಾಮಾನ್ಯ, ಹೆಚ್ಚಿನವರಲ್ಲಿ ಅದು ತಾನಾಗಿಯೇ ಮರಳಿ ಬೆಳೆಯುತ್ತದೆ ಎಂದು ಚರ್ಮವೈದ್ಯರೊಬ್ಬರು ಹೇಳಿದ್ದು ಬಹಳ ಮುಂದಿನ ಮಾತು. ಆಗ ಸಿಕ್ಕಿದ್ದು ಸಹೋದ್ಯೋಗಿಯ ಸಲಹೆ: ಬಯೋಟಿನ್. ನಾನು ತಂದ ಡಬ್ಬಿಯ ಒಂದು ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 40 ಮೈಕ್ರೋಗ್ರಾಂ, ಅಂದರೆ ನನ್ನ ಒಂದು ಮಾತ್ರೆ 250 ದಿನಗಳ ಪಾಲು. ಬಯೋಟಿನ್ ನೀರಿನಲ್ಲಿ ಕರಗುವ ಬಿ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆದ್ದರಿಂದ ಅದಕ್ಕೆ ಯಾರೂ ಹೆದರುವುದಿಲ್ಲ.

ಎರಡನೆಯ ಡಬ್ಬಿ ಅಶ್ವಗಂಧದ್ದು. ಜ್ವರದ ನಂತರ ನಿದ್ದೆ ತುಂಡು ತುಂಡಾಗಿತ್ತು. ಬೇರಿನ ಸಾರದ 300 ಮಿಲಿಗ್ರಾಂ ಕ್ಯಾಪ್ಸೂಲ್, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಆನ್‌ಲೈನ್‌ನಲ್ಲಿ ತರಿಸಿದೆ. ಮೊದಲ ಕೆಲವು ವಾರ ಅದು ನಿಜಕ್ಕೂ ಒಳ್ಳೆಯದು ಮಾಡಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಹತ್ತೂವರೆಗೆ ಮಲಗಿದರೆ ಬೆಳಿಗ್ಗೆ ಹಾಲಿನವರ ಗಂಟೆಗೇ ಎಚ್ಚರ. ಈ ಒಳ್ಳೆಯ ಆರಂಭವೇ ಮುಂದೆ ಗೊಂದಲಕ್ಕೆ ಕಾರಣವಾಯಿತು, ಏಕೆಂದರೆ ನಿದ್ದೆ ಕೊಟ್ಟ ವಸ್ತುವೇ ನಿದ್ದೆ ಕಸಿಯಬಹುದು ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಇವೆರಡರ ಜೊತೆ ವೈದ್ಯರೇ ಬರೆದುಕೊಟ್ಟ ವಿಟಮಿನ್ ಡಿ ಪುಡಿ ವಾರಕ್ಕೊಮ್ಮೆ ನಡೆಯುತ್ತಿತ್ತು.

ಕೃಷ್ಣಮಠದ ಲಕ್ಷದೀಪೋತ್ಸವದ ಹೊತ್ತಿಗೆ ಏನೋ ಸರಿಯಿಲ್ಲ ಎಂಬುದು ಮೊದಲು ಕೈಬೆರಳುಗಳಲ್ಲಿ ಕಾಣಿಸಿತು. ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವಾಗ ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು. ಪಾಸ್‌ಬುಕ್ ಚಾಚುವಾಗ ಎದುರಿನವರಿಗೆ ಕಾಣದಿರಲಿ ಎಂದು ಅದನ್ನು ಮೇಜಿನ ಮೇಲೇ ಜಾರಿಸತೊಡಗಿದೆ. ಎಣಿಕೆ ಯಂತ್ರ ನೋಟನ್ನು ತಿರಸ್ಕರಿಸಿ ಕೀ ಎಂದರೆ ಎದೆ ಧಸಕ್ಕೆನ್ನುವುದು. ಫಿಕ್ಸೆಡ್ ಡಿಪಾಸಿಟ್ ಬಡ್ಡಿ ಏಕೆ ಕಡಿಮೆಯಾಯಿತೆಂದು ವರ್ಷಗಳಿಂದ ಪರಿಚಯವಿದ್ದ ಹಿರಿಯರೊಬ್ಬರು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಕೇಳಿ ಪಕ್ಕದ ಕೌಂಟರಿನವರು ಎದ್ದು ಬಂದರು. ಮನೆಯಲ್ಲಿ ಪಿಯುಸಿ ಓದುವ ಮಗ ನನ್ನೊಡನೆ ಮಾತು ಕಡಿಮೆ ಮಾಡಿದ. ತೂಕ ಇಳಿಯಿತು. ಡಿಸೆಂಬರಿನ ಚಳಿಗೂ ಬೆವರು.

ಒಂದು ರಾತ್ರಿ ನಮ್ಮೂರ ಗದ್ದೆಯಲ್ಲಿ ಹರಕೆಯ ಬಯಲಾಟವಿತ್ತು. ಚೆಂಡೆಯ ಸದ್ದಿಗೆ ನಿದ್ದೆ ಹೋದ ಮಗುವಾಗಿ ಬೆಳೆದವಳು ನಾನು. ಆದರೆ ಆ ರಾತ್ರಿ ಒಡ್ಡೋಲಗದ ಚೆಂಡೆ ಏರುತ್ತಿದ್ದಂತೆ ನನ್ನ ಹೃದಯ ಅದಕ್ಕಿಂತ ವೇಗವಾಗಿ ಹೊಡೆದುಕೊಳ್ಳತೊಡಗಿ, ಈಗಲೇ ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ ಹುಟ್ಟಿ, ಕುರ್ಚಿ ಬಿಟ್ಟು ಕತ್ತಲೆಯಲ್ಲಿ ಮನೆಗೆ ನಡೆದುಬಂದೆ. ಅತ್ತೆಗೆ ಅದು ದೃಷ್ಟಿ, ಗಂಡನಿಗೆ ಆಫೀಸಿನ ಒತ್ತಡ. ನನಗೆ ಮಾತ್ರ ತಲೆ ಕೆಡುತ್ತಿದೆಯೇ ಎಂಬ ಅನುಮಾನ. ಅದನ್ನು ಬಾಯಿಬಿಟ್ಟು ಹೇಳಲು ಇನ್ನಷ್ಟು ವಾರ ಹಿಡಿಯಿತು.

ಮೊದಲು ನೋಡಿದ ವೈದ್ಯರು ಇಸಿಜಿ, ಸಕ್ಕರೆ, ಹಿಮೋಗ್ಲೋಬಿನ್ ಮಾಡಿಸಿ, ಎಲ್ಲವೂ ಸರಿ ಇದೆ, ನಲವತ್ತು ದಾಟಿದ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ಕಳುಹಿಸಿದರು. ಅಲ್ಲಿಂದ ಹೊರಬಂದಾಗ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಎರಡನೆಯ ಸಲ ಹೋದಾಗ ಅವರೇ ಮನೋವೈದ್ಯರನ್ನು ನೋಡಲು ಚೀಟಿ ಬರೆದರು. ಆ ಚೀಟಿ ಕೆಲವು ದಿನ ಪರ್ಸಿನಲ್ಲೇ ಉಳಿಯಿತು. ಆ ನಡುವೆ ಒಂದು ಬೆಳಗಿನ ಜಾವ ಮೂರು ಗಂಟೆಗೆ, ನಿದ್ದೆಯಿಲ್ಲದೆ ಅಳು ತಡೆಯಲಾರದೆ, 14416ಕ್ಕೆ ಕರೆ ಮಾಡಿದೆ. ಅದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಬಂದಿದೆಯೇ ಎಂದು ಅವರು ನೇರವಾಗಿಯೇ ಕೇಳಿದರು. ಬಂದಿಲ್ಲ ಎಂದ ಮೇಲೂ ಫೋನ್ ಇಡಲು ಅವಸರ ಮಾಡಲಿಲ್ಲ, ಚೀಟಿ ಇಟ್ಟುಕೊಂಡು ಕೂರಬೇಡಿ ಎಂದು ಹೇಳಿ ಇಟ್ಟರು. ಈ ಬರಹದಿಂದ ನೀವು ಒಂದೇ ಒಂದು ವಿಷಯ ಬರೆದಿಟ್ಟುಕೊಳ್ಳುವುದಾದರೆ ಆ ಐದು ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಮನೋವೈದ್ಯರ ಸರದಿ ಸಿಕ್ಕಿದ್ದು ಮಣಿಪಾಲದಲ್ಲಿ. ಬೆಳಿಗ್ಗೆ ಎಂಟಕ್ಕೆ ಟೋಕನ್ ತೆಗೆದುಕೊಂಡರೂ ಒಳಗೆ ಕರೆಯುವಾಗ ಮಧ್ಯಾಹ್ನವಾಗಿತ್ತು. ಬೆಂಚಿನಲ್ಲಿ ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂದು ಸೆರಗನ್ನು ತಲೆಗೆ ಹೊದ್ದು ಕುಳಿತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಕಾರ್ಕಳ ಕಡೆಯ ಹೆಂಗಸೊಬ್ಬರು, "ಎಷ್ಟನೇ ಸಲ?" ಎಂದು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಸಲೀಸಿನಲ್ಲಿ ಕೇಳಿದ ಮೇಲೆ ಸೆರಗು ತೆಗೆದೆ.

ಅಲ್ಲಿ ತುಂಬಲು ಕೊಟ್ಟ ಫಾರಮ್ಮಿನಲ್ಲಿ "ಈಗ ಸೇವಿಸುತ್ತಿರುವ ಔಷಧಗಳು" ಎಂಬ ಒಂದು ಸಾಲಿತ್ತು. ವಿಟಮಿನ್ ಡಿ ಎಂದು ಬರೆದೆ, ಅದಕ್ಕೆ ವೈದ್ಯರ ಚೀಟಿ ಇತ್ತಲ್ಲ. ಮಿಕ್ಕ ಎರಡನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ, ಕಾರಣವೂ ಇರಲಿಲ್ಲ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳಂತೆ ಹೆಲ್ತ್ ಸಪ್ಲಿಮೆಂಟ್ ಎಂದು ಮಾರುವ ಡಬ್ಬಿಯ ಮೇಲೆ "ಔಷಧೀಯ ಬಳಕೆಗೆ ಅಲ್ಲ" ಎಂಬರ್ಥದ ಸಾಲನ್ನು ಅಚ್ಚು ಹಾಕಲೇಬೇಕು. ಅಂದಮೇಲೆ ಔಷಧ ಯಾವುದು ಎಂದು ಕೇಳಿದಾಗ ಯಾರಾದರೂ ಆ ಡಬ್ಬಿಯ ಹೆಸರು ಏಕೆ ಹೇಳಬೇಕು? ಪ್ರಶ್ನೆ ಕೇಳುವ ರೀತಿ ಬದಲಾಗದೆ ಉತ್ತರ ಬದಲಾಗುವುದಿಲ್ಲ. ಇದು ನನ್ನೊಬ್ಬಳ ಅಸಮಾಧಾನವಲ್ಲ, ಆಮೇಲೆ ಭೇಟಿಯಾದ ತಜ್ಞರೂ ಇದನ್ನೇ ಹೇಳಿದರು.

ಆದರೆ ಆ ಮನೋವೈದ್ಯೆ ಮಾಡಿದ ಒಂದು ಕೆಲಸಕ್ಕೆ ನಾನು ಋಣಿ. ನನ್ನ ಮಾತನ್ನು ಪೂರ್ತಿ ಕೇಳಿ, ಆತಂಕದ ಕಾಯಿಲೆಗೆ ಮಾತ್ರೆ ಬರೆಯುವ ಮೊದಲು ಥೈರಾಯ್ಡ್ ನೋಡಬೇಕು ಎಂದರು. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ನಡುಕ, ಬೆವರು, ಸಿಡುಕು, ಭಯ ಎಲ್ಲವೂ ಆತಂಕದ ಕಾಯಿಲೆಯಂತೆಯೇ ತೋರುತ್ತವೆ, ಕಡಿಮೆಯಾದರೆ ಖಿನ್ನತೆಯಂತೆ ತೋರುತ್ತವೆ ಎಂದು ಚಿತ್ರ ಬರೆದು ವಿವರಿಸಿದರು.

ರಿಪೋರ್ಟ್ ರಾತ್ರಿ ಮೊಬೈಲಿಗೆ ಬಂತು. ಥೈರಾಯ್ಡಿಗೆ ಕೆಲಸ ಮಾಡಲು ಹೇಳುವ, ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ತಾನು ಇಳಿಯುವ ಟಿಎಸ್‌ಎಚ್ ಎಂಬ ಹಾರ್ಮೋನ್ 0.01. ಅದು ಇರಬೇಕಾದದ್ದು ಸುಮಾರು 0.4ರಿಂದ 4ರ ನಡುವೆ. ಥೈರಾಯ್ಡ್ ಹಾರ್ಮೋನುಗಳಾದ ಎಫ್‌ಟಿ4 ಮತ್ತು ಎಫ್‌ಟಿ3 ಎರಡೂ ಮಿತಿಗಿಂತ ಬಹಳ ಮೇಲೆ, ದಪ್ಪ ಅಕ್ಷರದಲ್ಲಿ. ನಾನು ಆ ರಾತ್ರಿ ಅಳಲಿಲ್ಲ. ತಲೆ ಕೆಟ್ಟಿಲ್ಲ, ಗಂಟಲಿನ ಗ್ರಂಥಿ ಕೆಟ್ಟಿದೆ ಎಂಬುದೇ ಒಂದು ಬಿಡುಗಡೆಯಂತಿತ್ತು. ಮರುವಾರ ಟಿಆರ್‌ಎಬಿ ಎಂಬ ಪ್ರತಿಕಾಯದ ಪರೀಕ್ಷೆ ಆಯಿತು. ಅದೊಂದಕ್ಕೇ ₹3,000ದ ಹತ್ತಿರ ಖರ್ಚು. ಅದೂ ಪಾಸಿಟಿವ್ ಬಂತು. ಇದು ದೇಹದ ಪ್ರತಿಕಾಯಗಳೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆ ಇರಬಹುದು, ಥೈರಾಯ್ಡ್ ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯನ್ನು ಒಂದು ಒಂದೂವರೆ ವರ್ಷ ತೆಗೆದುಕೊಳ್ಳಬೇಕಾದೀತು, ಆ ಅವಧಿಯಲ್ಲಿ ಜ್ವರ ಅಥವಾ ಗಂಟಲುನೋವು ಬಂದರೆ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು, ಏಕೆಂದರೆ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯುವುದುಂಟು ಎಂದು ನಮ್ಮ ವೈದ್ಯರು ಹೇಳಿದರು. ಶುರುಮಾಡುವ ಮೊದಲು ಮಂಗಳೂರಿನ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ) ಒಬ್ಬರನ್ನು ನೋಡಿ ಬನ್ನಿ ಎಂದೂ ಸೇರಿಸಿದರು. ಅಲ್ಲಿ ಸರದಿ ಸಿಗಲು ತಡವಾಯಿತು. ಕೃಷ್ಣಮಠದ ಪರ್ಯಾಯೋತ್ಸವದ ಗದ್ದಲದಲ್ಲಿ ಉಡುಪಿಯ ರಸ್ತೆಗಳು ತುಂಬಿದ್ದವು, ನನಗೆ ರಜೆಯೂ ಸಿಗಲಿಲ್ಲ.

ಸರ್ವಿಸ್ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿನ ಜ್ಯೋತಿಯಲ್ಲಿ ಇಳಿಯುವವರೆಗೆ, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟುತ್ತಾ, ಒಂದೂವರೆ ವರ್ಷದ ಮಾತ್ರೆಯ ಲೆಕ್ಕವನ್ನೇ ಹಾಕುತ್ತಿದ್ದೆ. ಉಡುಪಿ ಕಡೆಯಿಂದ ಹೋಗುವವರಿಗೆ ಒಂದು ಮಾತು: ಸಂಜೆಯ ಕ್ಲಿನಿಕ್ ಇರುವ ತಜ್ಞರಾದರೆ ಮಧ್ಯಾಹ್ನದ ಬಸ್ ಹಿಡಿದರೆ ಸಾಕು, ಆದರೆ ಹಿಂದಿನ ಎಲ್ಲ ರಿಪೋರ್ಟುಗಳ ಪ್ರಿಂಟ್ ಕೈಯಲ್ಲಿರಲಿ. ಮೊಬೈಲ್ ಪರದೆಯಲ್ಲಿ ಮೂರು ರಿಪೋರ್ಟುಗಳನ್ನು ಹೋಲಿಸಿ ನೋಡುವುದು ವೈದ್ಯರಿಗೂ ಕಷ್ಟ. ಜೆರಾಕ್ಸ್ ಅಂಗಡಿ ಹುಡುಕುತ್ತಾ ಒಬ್ಬರು ತಮ್ಮ ಸರದಿ ಕಳೆದುಕೊಂಡದ್ದನ್ನು ಅಲ್ಲೇ ನೋಡಿದೆ.

ಒಳಗೆ ಹೋಗುವ ಮೊದಲು ಕಿರಿಯ ವೈದ್ಯರೊಬ್ಬರು ವಿವರ ಬರೆದುಕೊಂಡರು. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಎಲ್ಲರಂತೆಯೇ ಕೇಳಿ, ನಾನು ಇಲ್ಲ ಎಂದ ಮೇಲೆ, ಪೆನ್ನು ಕೆಳಗಿಡದೆ ಮುಂದುವರಿಸಿದರು: "ಕೂದಲಿಗೆ? ನಿದ್ದೆಗೆ? ತೂಕ ಇಳಿಸಲಿಕ್ಕೆ? ಜಿಮ್ಮಿನವರು ಕೊಟ್ಟದ್ದು, ಆಯುರ್ವೇದದ್ದು, ಆನ್‌ಲೈನ್ ತರಿಸಿದ್ದು, ಯಾವುದಾದರೂ ಉಂಟಾ?" ಕೂದಲಿಗೆ ಉಂಟು, ನಿದ್ದೆಗೂ ಉಂಟು ಎಂದೆ. ಅವರು ಎದ್ದು ಒಳಗೆ ಹೋದರು.

ತಜ್ಞರು ಮೊದಲು ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಬರಿಗಣ್ಣಿಗೆ ಸರಿಯಾಗಿ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಪಟಪಟನೆ ಕಾಣಿಸಿತು. ಕಣ್ಣು, ಕತ್ತು, ಮೊಣಕಾಲು, ನಾಡಿ ನೋಡಿದರು. ಗ್ರೇವ್ಸ್ ಕಾಯಿಲೆಯಲ್ಲಿ ಕೆಲವೊಮ್ಮೆ ಕಾಣುವ ಕಣ್ಣಿನ ಬದಲಾವಣೆ ಇರಲಿಲ್ಲ, ಕತ್ತಿನಲ್ಲಿ ಊತವಿರಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: ನಿಮ್ಮ ರಿಪೋರ್ಟಿನಲ್ಲಿ ಎರಡು ಸಂಗತಿಗಳು ಒಂದರ ಮೇಲೊಂದು ಕುಳಿತಿರಬಹುದು. ಒಂದು ನಿಜ, ಒಂದು ಸುಳ್ಳು.

ಸುಳ್ಳಿನ ಪಾಲು ಬಯೋಟಿನ್‌ನದು. ಹಾರ್ಮೋನ್ ಅಳೆಯುವ ಅನೇಕ ಯಂತ್ರಗಳಲ್ಲಿ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನನ್ನು ಬಳಸುತ್ತಾರೆ. ಅದು ಬಯೋಟಿನ್ ಅನ್ನು ಬಿಡದಂತೆ ಹಿಡಿಯುತ್ತದೆ. ಪರೀಕ್ಷೆಯ ಕಿಟ್‌ನಲ್ಲಿರುವ ಪ್ರತಿಕಾಯಗಳಿಗೆ ಬಯೋಟಿನ್ ಅಂಟಿಸಿರುತ್ತಾರೆ, ಅವು ಬಂದು ಸ್ಟ್ರೆಪ್ಟಾವಿಡಿನ್ ಮೇಲೆ ಕೂರಬೇಕು. ನಮ್ಮ ರಕ್ತದಲ್ಲೇ ಬೇಕಾದಷ್ಟು ಬಯೋಟಿನ್ ತುಂಬಿದ್ದರೆ, ಕಿಟಕಿಯಿಂದ ಕರವಸ್ತ್ರ ಎಸೆದು ಬಸ್ಸಿನ ಸೀಟು ಹಿಡಿದವರಂತೆ ಅದು ಮೊದಲೇ ಜಾಗ ಹಿಡಿದುಬಿಡುತ್ತದೆ. ಪರಿಣಾಮವಾಗಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಎಫ್‌ಟಿ4, ಎಫ್‌ಟಿ3 ಇರುವುದಕ್ಕಿಂತ ಹೆಚ್ಚು, ಟಿಆರ್‌ಎಬಿ ಇಲ್ಲದಿದ್ದರೂ ಇದ್ದಂತೆ ಬರುತ್ತದೆ. ಅಂದರೆ ಗ್ರೇವ್ಸ್ ಕಾಯಿಲೆಯ ಪೂರ್ತಿ ಚಿತ್ರವನ್ನು ಒಂದು ಕೂದಲಿನ ಮಾತ್ರೆ ಕಾಗದದ ಮೇಲೆ ಬಿಡಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ತಪ್ಪಾಗಿ ಕಡಿಮೆ ತೋರಿಸಬಹುದು ಎಂಬುದು ಅದರಲ್ಲಿನ ಭಯಾನಕ ಭಾಗ. ಎಲ್ಲ ಯಂತ್ರಗಳಿಗೂ ಈ ತೊಂದರೆ ಇಲ್ಲ, ಕಂಪನಿಗಳು ಕೆಲವು ಕಿಟ್‌ಗಳನ್ನು ಬದಲಿಸಿವೆ. ನಿಮ್ಮ ಲ್ಯಾಬಿನದು ಯಾವ ವಿಧಾನ ಎಂದು ಫೋನ್ ಮಾಡಿ ಕೇಳಬಹುದು. ನಾನು ಕೇಳಿದಾಗ ಮೊದಲು ಎತ್ತಿದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಆದರೆ ಲ್ಯಾಬಿನ ಪೆಥಾಲಜಿಸ್ಟ್ ತಾವೇ ಮರಳಿ ಕರೆ ಮಾಡಿ ತಿಳಿಸಿದರು.

ಆದರೆ ನಡುಕ, ಬೆವರು, ತೂಕ ಇಳಿದದ್ದು ಯಂತ್ರದ ಸುಳ್ಳಲ್ಲ. ಬಯೋಟಿನ್ ರಿಪೋರ್ಟನ್ನು ಕೆಡಿಸುತ್ತದೆಯೇ ಹೊರತು ಹಾಳೆಯನ್ನು ನಡುಗಿಸುವುದಿಲ್ಲ. ಅದಕ್ಕೆ ತಜ್ಞರು ಅನುಮಾನಿಸಿದ್ದು ಅಶ್ವಗಂಧವನ್ನು. ಅದು ಥೈರಾಯ್ಡ್ ಹಾರ್ಮೋನ್ ಮಟ್ಟವನ್ನು ಏರಿಸಬಲ್ಲದು, ಕೆಲವರಲ್ಲಿ ಅತಿಯಾಗಿ ಏರಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ, ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ಇವೆ ಎಂದರು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿದ್ದನ್ನು ನಾನು ಆಮೇಲೆ ಓದಿದೆ. ಇದನ್ನು ಕೇಳಿ ನನ್ನ ಅತ್ತೆಗೆ ಸಿಟ್ಟು ಬಂತು. ಅವರ ತಂದೆ ಹಾಲಿನಲ್ಲಿ ಅಶ್ವಗಂಧದ ಚೂರ್ಣ ಕುಡಿದು ಎಂಬತ್ತು ದಾಟಿದವರು. ಅತ್ತೆಯ ಮಾತಿನಲ್ಲೂ ಹುರುಳಿದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ವೈದ್ಯರು ನಾಡಿ ನೋಡಿ ಕೊಡುವ ಚೂರ್ಣಕ್ಕೂ ಸಾಂದ್ರಗೊಳಿಸಿದ ಸಾರವನ್ನು ಯಾರೂ ಕೇಳದೆ ತಿಂಗಳುಗಟ್ಟಲೆ ನುಂಗುವುದಕ್ಕೂ ವ್ಯತ್ಯಾಸವಿದೆ. ನನ್ನ ಮೈಗೆ ಒಗ್ಗಲಿಲ್ಲ ಎಂಬುದಷ್ಟೇ ನನ್ನ ಮಾತು.

ಕಾರ್ಬಿಮಜೋಲ್ ಸದ್ಯ ಬೇಡ ಎಂದರು. ಎರಡೂ ಡಬ್ಬಿಗಳನ್ನು ಅಂದೇ ನಿಲ್ಲಿಸಿ, ಒಂದು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಎಲ್ಲವನ್ನೂ ಮತ್ತೆ ಮಾಡಿಸುವುದು, ಥೈರಾಯ್ಡ್ ಸ್ಕ್ಯಾನ್ ಅನ್ನು ಆ ಫಲಿತಾಂಶ ನೋಡಿ ನಿರ್ಧರಿಸುವುದು, ಅಲ್ಲಿಯವರೆಗೆ ಎದೆಬಡಿತಕ್ಕೆ ಸಣ್ಣ ಪ್ರಮಾಣದ ಪ್ರೊಪ್ರನೊಲಾಲ್ ಎಂಬುದು ಯೋಜನೆ. ಆಸ್ತಮಾ ಇದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆಯೇ ಆ ಮಾತ್ರೆ ಬರೆದರು. ಸಾಮಾನ್ಯ ಪ್ರಮಾಣಕ್ಕೆ ಪರೀಕ್ಷೆಗೆ ಮೊದಲು ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಿದರೆ ಸಾಕೆಂದು ತಜ್ಞರ ಸಂಘಗಳು ಹೇಳುತ್ತವೆ, ಆದರೆ ನನ್ನಷ್ಟು ಹೆಚ್ಚು ತೆಗೆದುಕೊಳ್ಳುವವರಿಗೆ ಇನ್ನೂ ಕೆಲವು ದಿನ ಒಳ್ಳೆಯದು ಎಂಬ ಕಾರಣಕ್ಕೆ ಒಂದು ವಾರ.

ಆ ವಾರ ಬಹಳ ಉದ್ದವಾಗಿತ್ತು. ಮಾತ್ರೆ ನಿಲ್ಲಿಸಿದ ಮರುದಿನವೇ ಹಗುರವಾಗುತ್ತದೆ ಎಂದು ಕಾಯಬೇಡಿ. ನನಗೆ ಮೊದಲ ರಾತ್ರಿಗಳಲ್ಲಿ ನಿದ್ದೆ ಇನ್ನೂ ಹಾಳಾಯಿತು. ಪ್ರೊಪ್ರನೊಲಾಲ್‌ನಿಂದ ಎದೆಬಡಿತ ತಗ್ಗಿತು, ಆದರೆ ಭಯ ತಗ್ಗದೆ, ಹೊಡೆದುಕೊಳ್ಳದ ಎದೆಯೊಳಗೆ ಭಯ ಮಾತ್ರ ಕುಳಿತಂತಾಗಿ ವಿಚಿತ್ರವೆನಿಸುತ್ತಿತ್ತು. ಆ ದಿನಗಳಲ್ಲಿ ಮನೋವೈದ್ಯೆಯನ್ನು ಇನ್ನೊಮ್ಮೆ ಕಂಡದ್ದು ಉಪಕಾರವಾಯಿತು. ಹಾರ್ಮೋನ್ ಇಳಿದ ಮೇಲೂ ಮನಸ್ಸು ಹಿಂಬಾಲಿಸಲು ಸಮಯ ಬೇಕು ಎಂದ ಅವರು, ತಾವು ಇನ್ನು ಮುಂದೆ ಎಲ್ಲ ರೋಗಿಗಳಿಗೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿ ತರಲು ಹೇಳುವುದಾಗಿ ತಿಳಿಸಿದರು.

ಅವರು ಅಂದು ಎಚ್ಚರಿಸಿದ ಬೇರೆ ವಸ್ತುಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ಖಿನ್ನತೆಗೆ ಎಸಿಟಲೋಪ್ರಾಂನಂಥ ಮಾತ್ರೆ ತೆಗೆದುಕೊಳ್ಳುವವರು ನಿದ್ದೆಗೆಂದು ಆನ್‌ಲೈನ್‌ನಲ್ಲಿ ಸಿಗುವ 5-ಎಚ್‌ಟಿಪಿ ಅಥವಾ ಸೇಂಟ್ ಜಾನ್ಸ್ ವರ್ಟ್ ಸೇರಿಸಿಕೊಂಡರೆ ಸೆರೊಟೋನಿನ್ ಮಿತಿಮೀರಿ ಚಡಪಡಿಕೆ, ನಡುಕ, ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು. ತೂಕ ಇಳಿಸುವ, ಜಿಮ್‌ಗೆ ಮೊದಲು ಕುಡಿಯುವ ಪುಡಿಗಳಲ್ಲಿ ಹಲವಕ್ಕೆ ಕೆಫೀನ್ ಸೇರಿರುತ್ತದೆ, ಅದು ಆತಂಕವನ್ನೂ ನಿದ್ದೆಗೇಡನ್ನೂ ಹೆಚ್ಚಿಸುತ್ತದೆ. ಕಡಲಪಾಚಿಯ ಮಾತ್ರೆಗಳಲ್ಲಿರುವ ಅಯೋಡಿನ್ ಥೈರಾಯ್ಡನ್ನು ಏರುಪೇರು ಮಾಡಬಹುದು. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಎಸ್‌ಎಎಂಇ ಎಂಬ ಸಪ್ಲಿಮೆಂಟ್ ಉನ್ಮಾದಕ್ಕೆ ದೂಡಬಹುದು. 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ವಾರಕ್ಕೊಂದು ಎಂದಿದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂದವರಲ್ಲಿ ಕ್ಯಾಲ್ಸಿಯಂ ಏರಿ ಮಂಕು, ಗೊಂದಲ, ಮಲಬದ್ಧತೆ ಕಾಣಿಸಿಕೊಳ್ಳುತ್ತದೆ. ಹಾಗೆಂದು ಎಲ್ಲ ಡಬ್ಬಿಗಳನ್ನೂ ಎಸೆಯಬೇಕಿಲ್ಲ. ನನ್ನ ರಕ್ತದಲ್ಲಿ ಬಿ12 ನಿಜವಾಗಿಯೂ ಕಡಿಮೆಯಿತ್ತು, ಅದರ ಕೊರತೆಯಿಂದಲೂ ಮನಸ್ಸು ಕುಗ್ಗುತ್ತದೆ, ಹಾಗಾಗಿ ಅದನ್ನು ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ವೈದ್ಯರು ಬರೆದುಕೊಟ್ಟ ಮನೋರೋಗದ ಮಾತ್ರೆಗಳನ್ನಂತೂ ಯಾರದೋ ಕಥೆ ಓದಿ ನಿಲ್ಲಿಸುವ ಹಾಗೇ ಇಲ್ಲ.

ವಾರದ ನಂತರದ ರಿಪೋರ್ಟಿನಲ್ಲಿ ಟಿಆರ್‌ಎಬಿ ನೆಗೆಟಿವ್. ಎಫ್‌ಟಿ4 ಮಿತಿಯ ಒಳಗೆ, ಆದರೆ ಮೇಲಿನ ಅಂಚಿನಲ್ಲಿ. ಟಿಎಸ್‌ಎಚ್ ಮಾತ್ರ 0.08. ಅದನ್ನು ನೋಡಿ ನನಗೆ ನಿರಾಸೆಯಾಯಿತು, ತಜ್ಞರಿಗೆ ಸಮಾಧಾನವಾಯಿತು. ಸುಳ್ಳಿನ ಭಾಗ ಹೋಗಿದೆ, ಉಳಿದದ್ದು ನಿಜದ ಭಾಗ, ಹಾರ್ಮೋನ್ ಇಳಿದ ಮೇಲೂ ಟಿಎಸ್‌ಎಚ್ ಏರಲು ವಾರಗಳೇ ಹಿಡಿಯುತ್ತವೆ, ಸ್ಕ್ಯಾನ್ ಈಗ ಅಗತ್ಯವಿಲ್ಲ ಎಂದರು. ಮುಂದಿನ ಪರೀಕ್ಷೆಯಲ್ಲಿ ಅದು 0.6, ಅದರ ಮುಂದಿನದರಲ್ಲಿ 1.9. ನಡುಕ ಮೊದಲು ಹೋಯಿತು, ಬೆವರು ಆಮೇಲೆ. ಸಿಡುಕು ಯಾವಾಗ ಹೋಯಿತೆಂದು ನನಗೆ ಗೊತ್ತಾಗಲಿಲ್ಲ. ಒಂದು ದಿನ ಮಗ ಊಟದ ಹೊತ್ತಿಗೆ ತನ್ನ ಪ್ರಿಪರೇಟರಿ ಪರೀಕ್ಷೆಯ ಕಡಿಮೆ ಅಂಕವನ್ನು ತಾನಾಗಿಯೇ ಹೇಳಿದ.

ಹಾಗಾದರೆ ಅಶ್ವಗಂಧವೇ ಕಾರಣ ಎಂದು ಬರೆದುಕೊಡುತ್ತೀರಾ ಎಂದು ಕೇಳಿದೆ. ತಜ್ಞರು ನಕ್ಕರು. ತೆಗೆದುಕೊಂಡ ಮೇಲೆ ಶುರುವಾಯಿತು, ನಿಲ್ಲಿಸಿದ ಮೇಲೆ ಹೋಯಿತು, ಬೇರೆ ಕಾರಣ ಸಿಗಲಿಲ್ಲ, ಇಷ್ಟಿದ್ದರೆ ಬಹುಮಟ್ಟಿಗೆ ಅದೇ ಎನ್ನಬಹುದು. ಖಚಿತ ಎನ್ನಬೇಕಾದರೆ ಮತ್ತೆ ಕೊಟ್ಟು ಮತ್ತೆ ಬರುತ್ತದೆಯೇ ನೋಡಬೇಕು, ಅದನ್ನು ನಾವು ಮಾಡುವುದಿಲ್ಲ ಎಂದರು. ಡೆಂಗ್ಯೂ ನಂತರ ಗ್ರಂಥಿಯೇ ತಾತ್ಕಾಲಿಕವಾಗಿ ಕೆರಳಿದ್ದಿರಬಹುದಾದ ಸಾಧ್ಯತೆಯನ್ನೂ ಫೈಲಿನಲ್ಲಿ ಒಂದು ಸಾಲಾಗಿ ಬರೆದಿದ್ದಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಕಾಯಿಲೆ ಮುಗಿದರೂ ಕಾಗದದ ಕೆಲಸ ಮುಗಿದಿರಲಿಲ್ಲ. ಇದನ್ನು ಎಲ್ಲಾದರೂ ದಾಖಲಿಸಬೇಕು ಎಂದು ನನಗೂ ತಜ್ಞರಿಗೂ ಅನಿಸಿತು. ಔಷಧಗಳ ಅಡ್ಡಪರಿಣಾಮ ದಾಖಲಿಸಲು ನಮ್ಮಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ, ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಸಹಾಯವಾಣಿ 1800-180-3024. ರೋಗಿಗಳೇ ತುಂಬಬಹುದಾದ ಫಾರಂ ಕನ್ನಡದಲ್ಲೂ ಉಂಟು. ತೊಡಕು ಎಲ್ಲಿ ಎಂದರೆ, ಅಶ್ವಗಂಧ ಎರಡು ಬಗೆಯ ಪರವಾನಗಿಯಲ್ಲಿ ಮಾರಾಟವಾಗುತ್ತದೆ. ಆಯುಷ್ ಪರವಾನಗಿ ಇದ್ದರೆ ಅದು ಆಯುರ್ವೇದ ಔಷಧ, ಅದರ ಅಡ್ಡಪರಿಣಾಮಕ್ಕೆ ಆಯುಷ್ ಸುರಕ್ಷಾ ಎಂಬ ಪ್ರತ್ಯೇಕ ವ್ಯವಸ್ಥೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಸಂಖ್ಯೆ ಇದ್ದರೆ ಅದು ಆಹಾರ. ನನ್ನ ಡಬ್ಬಿಯಲ್ಲಿದ್ದದ್ದು ಎರಡನೆಯದು. ಒಂದು ಕಚೇರಿಯಲ್ಲಿ ಇದು ಔಷಧವಲ್ಲ ಎಂದು ಕಳುಹಿಸಿದರು, ಇನ್ನೊಂದರಲ್ಲಿ ಕಲಬೆರಕೆಯಾಗಿದ್ದರೆ ಹೇಳಿ, ಮನಸ್ಸು ಕೆಟ್ಟದ್ದಕ್ಕೆ ನಾವೇನು ಮಾಡುವುದು ಎಂದರು. ಮನಸ್ಸು ಕೆಟ್ಟದ್ದು ಎಂಬ ಮಾತಿಗೆ ಅಲ್ಲಿದ್ದ ಮತ್ತೊಬ್ಬರು ನಕ್ಕದ್ದನ್ನು ಮರೆಯಲು ಆಗಿಲ್ಲ. ಕೊನೆಗೆ ತಜ್ಞರ ಸಲಹೆಯಂತೆ ಫಾರ್ಮಕೋವಿಜಿಲೆನ್ಸ್ ಫಾರಂ ಅನ್ನೇ ತುಂಬಿ, ಆಹಾರ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ತಾಣದಲ್ಲೂ ದೂರು ಹಾಕಿದೆ.

ಎರಡೂ ಕಡೆ ಬ್ಯಾಚ್ ಸಂಖ್ಯೆ ಕೇಳುತ್ತಾರೆ. ಮನೆಯವರು ಖಾಲಿ ಡಬ್ಬಿಯನ್ನು ಒಣಕಸದ ಗಾಡಿಗೆ ಹಾಕಿ ಆಗಿತ್ತು, ಆನ್‌ಲೈನ್ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇರುವುದಿಲ್ಲ. ಒಟ್ಟಿಗೆ ತರಿಸಿದ್ದ ಇನ್ನೊಂದು ಡಬ್ಬಿ ಸೀಲು ಒಡೆಯದೆ ಕಪಾಟಿನಲ್ಲಿ ಉಳಿದಿದ್ದರಿಂದ ಬಚಾವಾದೆ. ಅನುಮಾನ ಬಂದ ದಿನವೇ ಡಬ್ಬಿಯ ನಾಲ್ಕೂ ಬದಿಯ ಫೋಟೋ ತೆಗೆದಿಡಿ: ಬ್ಯಾಚ್, ತಯಾರಾದ ದಿನಾಂಕ, ಪರವಾನಗಿ ಸಂಖ್ಯೆ, ಒಂದು ಮಾತ್ರೆಯಲ್ಲಿ ಏನೇನು ಎಷ್ಟೆಷ್ಟು ಎಂಬುದು ಓದುವಂತಿರಲಿ. ಯಾವಾಗ ಶುರುಮಾಡಿದಿರಿ, ಯಾವಾಗ ಲಕ್ಷಣ ಬಂತು, ಯಾವಾಗ ನಿಲ್ಲಿಸಿದಿರಿ ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ನನಗೆ ಆರ್ಡರ್ ಬಂದ ದಿನದ ಮೆಸೇಜು ಮತ್ತು ಬಯಲಾಟದ ಕರಪತ್ರ ಆ ಕೆಲಸಕ್ಕೆ ನೆರವಾದವು.

ಖರ್ಚು ಒಟ್ಟು ₹11,000 ದಾಟಿತು. ಅದರಲ್ಲಿ ದೊಡ್ಡ ಪಾಲು ಎರಡೆರಡು ಸಲ ಮಾಡಿಸಿದ ಪರೀಕ್ಷೆಗಳದು. ಆಸ್ಪತ್ರೆಗೆ ದಾಖಲಾಗದಿದ್ದ ಕಾರಣ ನಮ್ಮ ವಿಮೆಯಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಮೊದಲ ಸಲ ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಬಯೋಟಿನ್ ತೆಗೆದುಕೊಳ್ಳುತ್ತೀರಾ ಎಂದು ಯಾರಾದರೂ ಕೇಳಿದ್ದರೆ ಅರ್ಧ ಉಳಿಯುತ್ತಿತ್ತು. ಈಗ ರಕ್ತ ಕೊಡುವಾಗ ಕುರ್ಚಿಯಲ್ಲಿ ಕೂರುವ ಮೊದಲೇ, ಕೇಳದಿದ್ದರೂ, ಏನು ತೆಗೆದುಕೊಳ್ಳುತ್ತೇನೆ, ಏನು ನಿಲ್ಲಿಸಿದ್ದೇನೆ ಎಂಬುದನ್ನು ಹೇಳಿ, ಸ್ಲಿಪ್ಪಿನ ಮೇಲೆ ಬರೆಸುತ್ತೇನೆ. ಮುಂದಿನ ಪರೀಕ್ಷೆ ಆರು ತಿಂಗಳ ನಂತರ, ಟಿಎಸ್‌ಎಚ್ ಒಂದೇ. ಅದು ಸರಿ ಬಂದರೆ ಮಂಗಳೂರಿಗೆ ಬರುವುದೂ ಬೇಡ, ರಿಪೋರ್ಟ್ ವಾಟ್ಸ್‌ಆ್ಯಪ್ ಮಾಡಿದರೆ ಸಾಕು ಎಂದಿದ್ದಾರೆ.